ಪ್ರೊಸ್ಪೆರ್‌ನನ್ನು ಯಾರ ಕೈಗೆ ಕೊಡಲಿ

ಆಂಟ್ವರ್ಪ್
೧೪ ಏಪ್ರಿಲ್ ೧೯೯೬, ಭಾನುವಾರ

ಪ್ರೀತಿಯ ಹಿಲ್ಡ,

ನಿನ್ನ ಕಾಗದ ಸಕ್ಕರೆ ಡಬ್ಬಿಗೆ ಒರಗಿಕೊಂಡು ಎಷ್ಟೋ ದಿನದಿಂದ ನನ್ನನ್ನೇ ನೋಡುತ್ತಿದೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನನಗೆ ಬರೆಯುವುದೆಂದರೆ ಕಂಬಳಿ ಹಿಂಡಿದ ಹಾಗೆ, ಮಣಿಕಟ್ಟು ಬಿದ್ದುಹೋಗುತ್ತದೆ. ನೀನು, ಅಳಿಯ ಓಲೆ, ಪುಟ್ಟ ಕಾರೆನ್ ಎಲ್ಲರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಫೋಟೋ ನೋಡಿದೆ. ಮಗುವಿಗೆ ನಿಮ್ಮಪ್ಪನ ಕಿವಿ ಬಂದಿದೆ, ಪಾಪ. ಕೂದಲು ಬೆಳೆದರೆ ಮುಚ್ಚಿಹೋಗುತ್ತದೆ ಬಿಡು.

ಹೋದ ಸಲ ಫೋನಿನಲ್ಲಿ ನೀನು, "ಅಮ್ಮ, ನಿಂಗೆ ಮೊಮ್ಮಗಳಿಗಿಂತ ಆ ಗಿಣಿಗಳೇ ಹೆಚ್ಚಾದ್ವಾ? ಯಾರ ಹತ್ರಾನಾದ್ರೂ ಬಿಟ್ಟು ಬಾ" ಅಂದೆ. ಯಾರೂ ಇಲ್ಲವೆಂದು ಕಿರುಚಿ ಫೋನ್ ಕುಕ್ಕಿದೆ. ಕುಕ್ಕಬಾರದಿತ್ತು. ಆದರೆ ಯಾರ ಹತ್ತಿರವಾದರೂ ಎಂದರೆ ಯಾರ ಹತ್ತಿರ? ಮಗುವಿನ ಜ್ಞಾನಸ್ನಾನಕ್ಕೆ ಬರಬೇಕೆಂದು ನನಗೇನು ಆಸೆಯಿಲ್ಲವೇ? ನಮ್ಮ ಪುಟ್ಟ ಯೋರಿಸ್ ಹೋದ ಮೇಲೆ ನೀನು ಈ ಮನೆಯ ಮೆಟ್ಟಿಲು ಹತ್ತಿಲ್ಲ. ನಾನೂ ಬರದಿದ್ದರೆ ನಮ್ಮಿಬ್ಬರ ನಡುವೆ ಬರೀ ಫೋನಿನ ತಂತಿ ಉಳಿಯುತ್ತದೆ, ಅಷ್ಟು ನನಗೂ ಗೊತ್ತು. ಅದಕ್ಕೇ ಹುಡುಕಿದೆ. ಹೇಗೆ ಹುಡುಕಿದೆ ಕೇಳು.

ಮೊದಲು ನಿನ್ನ ಸೋದರಮಾವನ ಮಗಳು ಮಾರಿಯೆಟ್‌ಳನ್ನು ಕೇಳಿದೆ. "ಅಯ್ಯೋ ಅತ್ತೆ, ಅದೇನ್ ದೊಡ್ಡ ವಿಷ್ಯ, ತಂದ್ಬಿಡಿ" ಅಂದಳು. ನಾನು ಮನೆ ನೋಡದೆ ಒಪ್ಪುವವಳಲ್ಲ, ಹೋದೆ. ಒಲೆಯ ಮೇಲೆ ನಾನ್‌ಸ್ಟಿಕ್ ಬಾಣಲೆ ಬರಿದೇ ಕಾದು ಹೊಗೆಯಾಡುತ್ತಿತ್ತು, ಇವಳು ಪಕ್ಕದಲ್ಲಿ ನಿಂತು ಪ್ಯಾನ್‌ಕೇಕ್‌ಗೆ ಹಿಟ್ಟು ಕಲಸುತ್ತಿದ್ದಳು.

"ಈ ಹೊಗೆ ಒಂಚೂರು ಒಳಗೆ ಹೋದ್ರೂ ಗಿಣಿ ಸಾಯುತ್ತೆ ಕಣೆ. ನಾನು ಬರೋವರ್ಗೂ ಕಬ್ಬಿಣದ ಬಾಣಲೆಲಿ ಮಾಡ್ಕೋ" ಅಂದೆ.

"ಹಕ್ಕಿಗೋಸ್ಕರ ಬಾಣಲೆ ಬದಲಾಯಿಸ್ಬೇಕಾ? ಮಾವ ಬದುಕಿದ್ದಾಗ ಅವ್ರಿಗೂ ನೀವು ಇಷ್ಟು ಉಪಚಾರ ಮಾಡ್ಲಿಲ್ಲ!"

"ನಿಮ್ಮಾವ ಹಡಗಿನ ಅಡುಗೆಮನೇಲಿ ಜೀವನ ಸವೆಸಿದೋರು. ಅವರನ್ನ ಸಾಯಿಸೋಷ್ಟು ಹೊಗೆ ನಿನ್ನ ಒಲೆಲಿ ಇಲ್ಲ" ಅಂದೆ. ಕೊಟ್ಟ ಪ್ಯಾನ್‌ಕೇಕ್ ತಿಂದು ಎದ್ದು ಬಂದೆ. ಚೆನ್ನಾಗಿತ್ತು, ಆ ಮಾತು ಬೇರೆ.

ಆಮೇಲೆ ಊರಾಚೆ ಒಂದು ಕಡೆ ಹೋದೆ. ರಜೆಗೆ ಹೋಗುವವರು ಹಕ್ಕಿಗಳನ್ನು ಬಿಟ್ಟುಹೋಗುವ ಜಾಗ. ಪಂಜರದ ಪಕ್ಕ ಪಂಜರ, ಎಲ್ಲ ತೊಳೆದು ಒರೆಸಿ ಫಳಫಳ. ಒಂದು ಕಾಕಟೂ ಗಿಣಿ ತನ್ನ ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡು ಸುಲಿದ ಕೋಳಿಯ ಹಾಗೆ ಕೂತಿತ್ತು. "ಇದ್ಯಾಕಪ್ಪಾ ಹಿಂಗಿದೆ?" ಅಂದರೆ ಅಲ್ಲಿಯ ಯಜಮಾನ, "ಅದರ ಸ್ವಭಾವ, ಮೇಡಂ" ಅನ್ನುತ್ತಾನೆ. ಬೆಳಗಿನಿಂದ ಸಂಜೆವರೆಗೆ ಅಲ್ಲಿ ರೇಡಿಯೋ ಕೂಗುತ್ತಿರುತ್ತದೆ. ಅಷ್ಟೂ ಗಿಣಿಗಳು ಯಾವುದೋ ಬಟ್ಟೆ ಸೋಪಿನ ಜಾಹೀರಾತಿನ ರಾಗವನ್ನು ಶಿಳ್ಳೆ ಹೊಡೆಯುತ್ತಿದ್ದವು. "ನಿಮ್ಮವೂ ಕಲ್ತ್ಕೊಂಡು ಬರ್ತಾವೆ ಮೇಡಂ, ಅದಕ್ಕೆ ದುಡ್ಡಿಲ್ಲ, ಫ್ರೀ!" ಎಂದು ನಕ್ಕ. ಟ್ರಾಮ್ ಹತ್ತಿ ಕೂತವಳು ಇಳಿಯಬೇಕಾದ ಕಡೆ ಇಳಿಯದೆ ಮುಂದೆ ಹೋಗಿಬಿಟ್ಟೆ.

ಕೊನೆಗೆ ಬಾಗಿಲು ತಟ್ಟಿದವರು ಕೆಳಮನೆಯ ಓಡಿಲ್. ಟ್ರಾಮ್ ಓಡಿಸುತ್ತಿದ್ದರಲ್ಲ, ಅವರೇ. ಕಸದ ಚೀಲವನ್ನು ಮೆಟ್ಟಿಲ ಮೇಲಿಡುತ್ತಾರೆಂದು ಜಗಳವಾಡಿ ನಾನು ಮಾತು ಬಿಟ್ಟಿದ್ದ ಮನುಷ್ಯ.

"ಹಕ್ಕಿಗಳನ್ನ ನೋಡ್ಕೊಳ್ಳೋಕೆ ಯಾರೂ ಇಲ್ವಂತೆ" ಅಂದರು.

"ಯಾರ್ ಹೇಳಿದ್ರು ನಿಮ್ಗೆ?"

"ನೀವೇ. ಫೋನಲ್ಲಿ ಮಗಳ ಮೇಲೆ ಕಿರುಚಾಡಿದ್ರಲ್ಲ, ಇಡೀ ಬೀದಿಗೇ ಗೊತ್ತು."

ಆದರೂ ನೋಡೋಣವೆಂದು ಒಂದು ಶುಕ್ರವಾರ ಮತಾದಿ, ಪ್ರೊಸ್ಪೆರ್ ಎರಡೂ ಗಿಣಿಗಳನ್ನು ಕೆಳಗೆ ಕಳಿಸಿದೆ. ಸೋಮವಾರ ಬೆಳಿಗ್ಗೆ ಏದುಸಿರು ಬಿಡುತ್ತಾ ಅವರೇ ಹೊತ್ತು ತಂದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಕಚ್ಚಿತಾ?"

"ಅದನ್ನ ಕೇಳದೇನೇ ಕೈ ಹಾಕ್ದೆ. ತಪ್ಪು ನಂದು."

ಹೀಗೆ ಹೇಳುವ ಗಂಡಸನ್ನು ನಾನು ಈ ವಯಸ್ಸಿನವರೆಗೆ ಕಂಡಿರಲಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದರು. ಆಗ ಅವರೇ ಎಂದು ನಿಶ್ಚಯ ಮಾಡಿದೆ.

ಆದ್ದರಿಂದ ಬರುತ್ತಿದ್ದೇನೆ. ಮೇ ಎರಡರಂದು ರೈಲು ಹತ್ತಿ ಹ್ಯಾಂಬರ್ಗ್‌ನಲ್ಲಿ ಬದಲಾಯಿಸುತ್ತೇನೆ. ಜ್ಞಾನಸ್ನಾನದ ದಿನ ಹಂಚಲು ಸಕ್ಕರೆ ಮೆತ್ತಿದ ಬಾದಾಮಿ ನಾನೇ ತರುತ್ತೇನೆ. ನಿಮ್ಮ ಆರ್ಹುಸ್‌ನಲ್ಲಿ ಈ ಪದ್ಧತಿ ಇಲ್ಲವೆಂದು ಓಲೆಯ ತಾಯಿ ಮೂಗು ಮುರಿದರೆ ಮುರಿಯಲಿ. ಸಿಹಿ ಹಾಕಿದ ಆ ಹೆರಿಂಗ್ ಮೀನನ್ನು ಮಾತ್ರ ನನಗೆ ಬಡಿಸಬೇಡಿ ಎಂದು ಓಲೆಗೆ ಹೇಳು. ನೀನು ಹೊತ್ತುಹೊತ್ತಿಗೆ ಊಟ ಮಾಡು, ಹಾಲೂಡಿಸುವವಳು. ನಿನ್ನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದಿದ್ದೇನೆ ಎಂದುಕೋ, ಚಿಕ್ಕವಳಿದ್ದಾಗ ಮಲಗುವ ಮುಂಚೆ ಎಳೆಯುತ್ತಿದ್ದ ಹಾಗೆ. ಮಗುವಿಗೆ ನಾನೇ ಬಂದು ಎಳೆಯುತ್ತೇನೆ. ದೇವರು ನಿಮ್ಮ ಮನೆಯನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಮ್ಮ,
ಲೆಯೊಂತಿನ್

ತಾ.ಕ.: ಇದನ್ನು ಮರೆತು ಕೊನೆಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ.

ಹಿಲ್ಡ, ಪ್ರೊಸ್ಪೆರ್ ನಿನ್ನ ಮಗನ ಹಾಗೆ, ನಮ್ಮ ಯೋರಿಸ್‌ನ ಹಾಗೆ ನಗುತ್ತಾನೆ. ಆ ಬೇಸಿಗೆಯೆಲ್ಲ ಮಗು ಪಂಜರದ ಮುಂದೆ ಕೂತು ಕ್ಯಾರೆಟ್ ಚೂರು ತೋರಿಸಿ, ಹಿಂದಕ್ಕೆಳೆದು, ಬಿಕ್ಕಳಿಕೆ ಬರುವ ತನಕ ನಗುತ್ತಿದ್ದನಲ್ಲ. ಆಸ್ಪತ್ರೆಗೆ ಹೋದವನು ಹಿಂದಿರುಗಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಒಂದು ಬೆಳಿಗ್ಗೆ ನಾನು ಕ್ಯಾರೆಟ್ ಹೆಚ್ಚುತ್ತಿದ್ದಾಗ ಪಕ್ಕದ ಕೋಣೆಯಿಂದ ಆ ನಗು ಕೇಳಿಸಿತು. ಕೊನೆಯ ಬಿಕ್ಕಳಿಕೆಯೂ ಹಾಗೇ. ಚಾಕು ಹಿಡಿದುಕೊಂಡೇ ಓಡಿದೆ. ಈಗಲೂ ಕ್ಯಾರೆಟ್ ಹೆಚ್ಚುವ ಸದ್ದು ಕೇಳಿದರೆ ನಗುತ್ತಾನೆ.

ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಉಳಿಯುತ್ತೀಯೋ ಇಲ್ಲವೋ ಎಂದು ಹೆದರಿದೆ. ನೀನು ಫೋನ್ ಮಾಡಿದಾಗಲೆಲ್ಲ ಪಂಜರಕ್ಕೆ ಬಟ್ಟೆ ಹೊದಿಸುತ್ತೇನೆ. ಗಿಣಿ ಹೊಸ ಸದ್ದು ಹಿಡಿದರೆ ಹಳೆಯದನ್ನು ಬಿಟ್ಟರೂ ಬಿಟ್ಟೀತು. ಅದಕ್ಕೇ ನನ್ನ ಈ ಹಟವೆಲ್ಲ.

ಓಡಿಲ್ ಅವತ್ತು ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟು: "ಬೈಬೇಡಿ ಲೆಯೊಂತಿನ್. ಇದರೊಳಗೆ ಒಂದು ಮಗು ಇದೆ. ಯಾರದು ಅಂತ ನಾನು ಕೇಳಲ್ಲ. ನಗು ಕೇಳಿಸಿದ ಮೇಲೆ ರೇಡಿಯೋನೂ ಹಾಕ್ಲಿಲ್ಲ, ಟೀವೀನೂ ಹಾಕ್ಲಿಲ್ಲ. ನಾನು ಕೆಮ್ಮೋದಿದ್ರೂ ಅಂಗಳಕ್ಕೆ ಹೋಗಿ ಕೆಮ್ಮಿ ಬಂದೆ."

ನಾನು ಅಲ್ಲಿಗೆ ಬಂದ ಮೇಲೆ, ನಿನಗೆ ಬೇಕೆನಿಸಿದರೆ ಮಾತ್ರ, ಒಂದು ಬೆಳಿಗ್ಗೆ ಓಡಿಲ್‌ಗೆ ಫೋನ್ ಮಾಡೋಣ. ಅವರು ಪಂಜರದ ಹತ್ತಿರ ಕೂತು ಕ್ಯಾರೆಟ್ ಹೆಚ್ಚುತ್ತಾರೆ. ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ.