ಹಿತ್ತಲ ಗೂಬೆಯ ಸಂಸಾರ

ಮಾರ್ಚ್ ೯, ಸೋಮವಾರ

ಪಕ್ಕದ ಮನೆಯ ಮೀಸೆ ಮಾಮನ ಜೊತೆ ಜಗಳ ಆಡಲೇಬೇಕಲ್ಲ ಅಂತ ಬೆಳಿಗ್ಗೆ ಎದ್ದಾಗಿನಿಂದ ಮಾತು ಜೋಡಿಸುತ್ತಿದ್ದೆ. ಅವರ ಶೆಡ್ಡಿನ ಇಲಿಗಳಿಗೆ ಇವತ್ತು ಪಾಷಾಣ ಇಡ್ತೀನಿ ಅಂದಿದ್ದರು. ಆ ಇಲಿಗಳನ್ನೇ ತಿಂದು ಬದುಕುವ ಗೂಬೆ ಜೋಡಿ ನಮ್ಮ ಹಿತ್ತಲ ಮರದ ಪೊಟರೆಯಲ್ಲಿದೆ. ವಿಷ ತಿಂದ ಇಲಿ ಸಿಕ್ಕಿದರೆ ಅವೂ ಉಳಿಯಲ್ಲ.

ಎದುರಿಗೆ ಏನಾದರೂ ಅಲುಗಾಡಿದರೆ ತಾನೇ ವಿಡಿಯೋ ತೆಗೆಯುವ ಕ್ಯಾಮೆರಾ ಅಕ್ಕ ಕೊಟ್ಟಿದ್ದಳು. ನಿನ್ನೆಯಷ್ಟೇ ಅದನ್ನು ಮರಕ್ಕೆ ಕಟ್ಟಿದ್ದೆ. ಕೆಲಸಕ್ಕೆ ಹೊರಡುವ ಮುಂಚೆ ಫೋನಿಗೆ ಹಾಕಿಕೊಂಡು ನೋಡಿದರೆ, ತಾಯಿ ಗೂಬೆ ದಪ್ಪದೊಂದು ಇಲಿ ಕಚ್ಚಿಕೊಂಡು ಬಂದು ಕೂತಿದೆ. ಪೊಟರೆಯಿಂದ ಹತ್ತಿಯುಂಡೆಯಂಥ ಮೂರು ಮುಖ ಹೊರಗೆ ಬಂದವು. ಮರಿಗಳು! ನನಗೆ ಗೊತ್ತೇ ಇರಲಿಲ್ಲ. ನಿಂತಲ್ಲೇ ಅತ್ತುಬಿಟ್ಟೆ.

ಫೋನ್ ಹಿಡಿದು ಪಕ್ಕದ ಮನೆಗೆ ಓಡಿದೆ. ಜಗಳಕ್ಕೆ ಅಂತ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತೇಹೋಯಿತು. "ಮಾಮ, ನೋಡಿ" ಅಂದೆ, ಅಷ್ಟೇ.

ಕನ್ನಡಕ ಹಣೆಗೇರಿಸಿ ಎರಡು ಸಲ ನೋಡಿದರು. "ಇದು ನಮ್ಮ ಶೆಡ್ಡಿನ ಇಲೀನೇ ಕಣಮ್ಮ. ನನ್ನ ಸೋಪು ತಿಂದು ಕೊಬ್ಬಿದ್ದು."

ಆಮೇಲೆ ಒಳಗೆ ಹೋಗಿ, ಇನ್ನೂ ಬಿಚ್ಚದ ಪಾಷಾಣದ ಪೊಟ್ಟಣ ತಂದು ನನ್ನ ಕೈಗಿಟ್ಟರು.

"ಅಂಗಡಿಗೆ ವಾಪಸ್ ಕೊಟ್ಟುಬಿಡು. ಮನೇಲಿ ಬಾಣಂತಿ ಇದ್ದಾಳೆ ಅಂತ ಮೊದಲೇ ಹೇಳಬಾರದಾ?"

ಎಷ್ಟು ಸಲೀಸಾಗಿ ಒಪ್ಪಿಬಿಟ್ಟರು ಪುಣ್ಯಾತ್ಮ! ನಾನು ಮನಸ್ಸಲ್ಲೇ ಅವರನ್ನು ಏನೆಲ್ಲ ಬೈದಿದ್ದೆ.

ರಾತ್ರಿಯಾಯಿತು, ಕಣ್ಣು ಎಳೀತಿದೆ. ಹಿತ್ತಲಲ್ಲಿ ಮರಿಗಳು ಊಟಕ್ಕೆ ಗಲಾಟೆ ಶುರುಮಾಡಿವೆ. ಕೂಗಲಿ, ಹೊಟ್ಟೆ ತುಂಬ ತಿನ್ನಲಿ, ಇನ್ನು ಭಯವಿಲ್ಲದೆ...