ತಲೆಯಲ್ಲಿದ್ದ ಹನ್ನೆರಡು ಪದ

ಕಲ್ಯಾಣದುರ್ಗ
9-6-2025, ಸೋಮವಾರ

ಪ್ರೀತಿಯ ಉಮಾ,

ಆಶೀರ್ವಾದ ಎಂದು ಬರೆಯಲು ಕೈ ಹಿಂಜರಿಯುತ್ತಿದೆ. ಆದರೂ ನಾನು ನಿನ್ನ ಅತ್ತಿಗೆ, ನಿನಗಿಂತ ಎಂಟು ವರ್ಷ ದೊಡ್ಡವಳು. ನೀನೂ ಯುವರಾಜೂ ಚೆನ್ನಾಗಿರಿ. ಅದೊಂದನ್ನು ಬರೆಯುವ ಹಕ್ಕು ನನಗೆ ಇನ್ನೂ ಇದೆ ಎಂದುಕೊಂಡಿದ್ದೇನೆ.

ನಿಮ್ಮಣ್ಣ ಹೋಗಿ ನಾಲ್ಕು ತಿಂಗಳಾಗುತ್ತ ಬಂತು. ಹನ್ನೊಂದನೆಯ ದಿನದ ಕಾರ್ಯ ಮುಗಿಸಿಕೊಂಡು ಹಿಂದೂಪುರದ ಬಸ್ಸು ಹತ್ತಿದವಳು ನೀನು, ಆಮೇಲೆ ನನ್ನ ಫೋನು ಎತ್ತಲಿಲ್ಲ. ಯುವರಾಜ್ ಎರಡು ಸಲ ಎತ್ತಿ, "ಅವ್ಳು ಕೆಲ್ಸದಾಗವ್ಳೆ ಅಕ್ಕಾ" ಎಂದು ಇಟ್ಟರು. ಅವರಿಗೂ ಮುಜುಗರ, ನನಗೂ ಮುಜುಗರ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತೇನೆ. ಓದದೆ ಹರಿಯಬೇಡ.

ನೀನು ನನ್ನನ್ನು ಕಳ್ಳಿ ಎಂದೆ. ನಿಮ್ಮಣ್ಣನ ಮಂಚದ ಪಕ್ಕದಲ್ಲೇ ನಿಂತು, ಅವರಿಗೆ ಕೇಳಿಸುವ ಹಾಗೆ ಅಂದೆ. ನಾನು ಆವತ್ತು ಉತ್ತರ ಕೊಡಲಿಲ್ಲ. ಕೊಡಲು ಹೋಗಿದ್ದರೆ ನನ್ನ ತಪ್ಪುಗಳನ್ನೂ ಹೇಳಬೇಕಾಗಿತ್ತು. ಈಗ ಹೇಳುತ್ತೇನೆ.

ನಿನಗೆ ನೆನಪಿರಬಹುದು, ನಿಮ್ಮಣ್ಣ ಆ ಬಿಟ್‌ಕಾಯಿನ್ ತೆಗೆದುಕೊಳ್ಳಲು ಶುರು ಮಾಡಿದ್ದು ಅಂಗಡಿಯಲ್ಲಿ ಕೂತು ತೆಲುಗು ವಿಡಿಯೋ ನೋಡಿ. ಒಂದು ಕಡೆ ಮೋಟರಿಗೆ ತಾಮ್ರದ ತಂತಿ ಸುತ್ತುತ್ತ, ಇನ್ನೊಂದು ಕಡೆ ಫೋನಿನಲ್ಲಿ ಆ ಪಾಠ ಕೇಳುತ್ತಿದ್ದರು. ನಿಮ್ಮಪ್ಪ ಬೈಲಪ್ಪನವರ ಹೊಲ ಮಾರಿ ನಿನ್ನ ಪಾಲಿಗೆ ಬಂದ ದುಡ್ಡನ್ನು ನೀನು ಅವರ ಕೈಗೆ ಕೊಟ್ಟಾಗ ನನಗೆ ಇಷ್ಟವಿರಲಿಲ್ಲ. "ತಂಗಿ ದುಡ್ಡು ಬ್ಯಾಡ ಕಣ್ರೀ, ಹೆಚ್ಚು ಕಮ್ಮಿಯಾದ್ರೆ ಮಾತು ಬತ್ತದೆ" ಅಂದೆ. "ಅವ್ಳು ಮನೆ ಕಟ್ಟೋ ಹೊತ್ಗೆ ಎರಡರಷ್ಟು ಮಾಡಿ ಕೊಡ್ತೀನಿ" ಅಂದರು. ದುರಾಸೆಯ ಮಾತಲ್ಲ ಅದು. ನಿನಗೆ ಮದುವೆಯಲ್ಲಿ ಏನೂ ಮಾಡಲಾಗಲಿಲ್ಲ ಎಂಬ ಕೊರಗು ಅವರಿಗಿತ್ತು.

2021ರ ಮೇ ತಿಂಗಳು. ಕೊರೋನಾ ಎರಡನೆಯ ಸಲ ಬಂದಾಗ ನಮ್ಮ ಪಕ್ಕದ ಮನೆ ಪೆದ್ದಕ್ಕನ ಗಂಡ ಮೂರೇ ದಿನದಲ್ಲಿ ಹೋಗಿಬಿಟ್ಟರು. ಅದನ್ನು ನೋಡಿ ನಿಮ್ಮಣ್ಣ ಹೆದರಿದರು. ಒಂದು ಬಿಳಿ ಹಾಳೆಯಲ್ಲಿ ಹನ್ನೆರಡು ಇಂಗ್ಲಿಷ್ ಪದ ಬರೆದು ತಂದು ನನ್ನ ಕೈಗಿಟ್ಟರು. "ನಂಗೇನಾರ ಆದ್ರೆ ಇದೇ ಬೀಗದ ಕೈ. ಹೊಸಾ ಫೋನಾಗೆ ಈ ಪದಗಳ್ನ ಇದೇ ಸಾಲಾಗೆ ಹಾಕಿದ್ರೆ ಸಾಕು, ದುಡ್ಡು ಬತ್ತದೆ. ಉಮಾನ್ ದುಡ್ಡೂ ಇದ್ರಾಗೇ ಐತೆ. ಯಾರ್ಗೂ ತೋರಿಸ್ಬ್ಯಾಡ" ಅಂದರು. ನಾನು ರೇಷನ್ ಕಾರ್ಡಿನ ಜೊತೆ ಸ್ಟೀಲ್ ಡಬ್ಬಿಯಲ್ಲಿ ಇಟ್ಟೆ. ಇಟ್ಟ ಮೇಲೂ ಸಮಾಧಾನ ಇಲ್ಲ. ಡಬ್ಬಿಯನ್ನೇ ಯಾರಾದರೂ ಎತ್ತಿಕೊಂಡು ಹೋದರೆ? ಜಾಣತನ ಮಾಡುತ್ತಿದ್ದೇನೆ ಅಂದುಕೊಂಡು ಆ ಹಾಳೆಯ ಫೋಟೋ ತೆಗೆದು ನನ್ನ ಫೋನಿನಲ್ಲಿ ಇಟ್ಟುಕೊಂಡೆ.

ಎರಡು ವಾರ ಆದ ಮೇಲೆ ಏನನ್ನೋ ಹುಡುಕುತ್ತ ನಿಮ್ಮಣ್ಣ ಆ ಫೋಟೋ ನೋಡಿದರು. ಅವರ ಮುಖ ಬಿಳಚಿಕೊಂಡಿತು. "ಫೋಟೋ ತೆಗ್ದ್‌ಬುಟ್ಟ್ಯಾ? ಇದು ಫೋನಾಗೇ ಇರಲ್ಲ ಕಣೇ, ನಿಂಗೇ ಗೊತ್ತಾಗ್ದಂಗೆ ಎಲ್ಲೆಲ್ಲಿಗೋ ಹೋಯ್ತದೆ. ಬೀಗದ ಕೈನ ತಗಂಡೋಗಿ ಬಸ್‌ಸ್ಟಾಂಡಾಗೆ ನೇತಾಕ್ದಂಗಾತು" ಅಂದರು. ಆವತ್ತೇ ಅಂಗಡಿ ಬಾಗಿಲು ಮುಚ್ಚಿ ಕೂತು, ಫೋನಿನಲ್ಲಿ ಆ ದುಡ್ಡಿಡುವ ಹೊಸ ಚೀಲ, ಅವರು ವ್ಯಾಲೆಟ್ ಅನ್ನುತ್ತಿದ್ದದ್ದು, ಮಾಡಿ, ಇದ್ದದ್ದನ್ನೆಲ್ಲ ಅದಕ್ಕೆ ಸಾಗಿಸಿದರು. ಅದಕ್ಕೆ ಬೇರೆಯೇ ಹನ್ನೆರಡು ಪದ. ಹಳೆಯ ಹಾಳೆಯನ್ನು ಒಲೆಗೆ ಹಾಕಿದರು. ಹೊಸದನ್ನು ಯಾವ ಹಾಳೆಗೂ ಇಳಿಸಲಿಲ್ಲ. "ಯಾವ ಮೋಟರಿಗೆ ಎಷ್ಟು ಸುತ್ತು ಅಂತ ಇಪ್ಪತ್ತು ವರ್ಷದಿಂದ ಪುಸ್ತಕ ನೋಡ್ದೆ ಸುತ್ತೀನಿ. ಹನ್ನೆರಡು ಪದ ಈ ತಲೇಲಿ ನಿಲ್ಲಲ್ವಾ?" ಅಂದರು.

ನಾನು ಆಗ ಹೇಳಬೇಕಿತ್ತು ಉಮಾ. "ಇನ್ನೊಂದು ಸಲ ಬರೀರಿ, ಈ ಸಲ ಜೋಪಾನ ಮಾಡ್ತೀನಿ" ಅನ್ನಬೇಕಿತ್ತು. ಅವರು ಸಿಟ್ಟಿನಲ್ಲಿ "ನಿನ್ ಕೈಗೆ ಕೊಟ್ಟಿದ್ದೇ ತಪ್ಪು" ಅಂದಿದ್ದರು. ಆ ಒಂದು ಮಾತಿಗೆ ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಮಾತು ಬಂತು, ಹಬ್ಬ ಬಂತು, ಮರೆತೇಹೋಯಿತು. ಆ ಫೋಟೋ ಅಳಿಸುವುದನ್ನೂ ಮರೆತೆ.

ಹೋದ ವರ್ಷ ದೀಪಾವಳಿ ಕಳೆದ ವಾರ ಅವರು ಅಂಗಡಿಯಲ್ಲಿ ಬಿದ್ದರು. ಸುತ್ತಿದ ಕಾಯಿಲನ್ನು ವಾರ್ನಿಷ್ ತೊಟ್ಟಿಗೆ ಅದ್ದುತ್ತಿದ್ದಾಗಲೇ ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೇಬಿನ ಫೋನು ಆ ತೊಟ್ಟಿಯೊಳಗೇ ಬಿತ್ತು. ಅನಂತಪುರದಲ್ಲಿ ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋದವು. ಫೋನು ಹಿಂದೂಪುರದ ರಿಪೇರಿಯವರ ಕೈಯಲ್ಲೂ ಬದುಕಲಿಲ್ಲ.

ಡಾಕ್ಟರು ನನ್ನನ್ನು ಒಬ್ಬಳನ್ನೇ ಕರೆದು ಹೇಳಿದ್ದರು. ಮಾತು ನಿಧಾನವಾಗಿ ಬರಬಹುದು, ತೆಲುಗು, ಕನ್ನಡ, ಇಂಗ್ಲಿಷು ಕಲಸಿಕೊಂಡು ಬರಬಹುದು, ಆದರೆ ಒತ್ತಾಯ ಮಾಡಿ ಹೇಳಿಸಬೇಡಿ, ಅವರು ಕುಗ್ಗಿಹೋಗುತ್ತಾರೆ ಅಂದಿದ್ದರು. ಈ ಮಾತನ್ನು ನಾನು ನಿಮಗೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಹನ್ನೆರಡು ಪದ ಕೇಳುವುದನ್ನು ನಿಲ್ಲಿಸಬೇಕಲ್ಲ. ನಿಮ್ಮ ಮನೆ ಗೋಡೆ ಲಿಂಟಲ್ ಮಟ್ಟಕ್ಕೆ ನಿಂತಿದ್ದು ನಿನಗೆ ಸಂಕಟ. ನನಗೂ ಆಸೆ ಇತ್ತು, ಸುಳ್ಳು ಹೇಳುವುದಿಲ್ಲ.

ಯುವರಾಜ್ ಆ ಪದಗಳ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ತಂದರು. ಎರಡು ಸಾವಿರದ ನಲವತ್ತೆಂಟು ಪದ. ಯಾವ ವ್ಯಾಲೆಟ್ಟಿನ ಪದವಾದರೂ ಅದರಲ್ಲಿ ಇರಲೇಬೇಕು, ಅಣ್ಣನ ಹನ್ನೆರಡೂ ಅದರಲ್ಲೇ ಇವೆ, ಸಾಲು ಮಾತ್ರ ತಪ್ಪಬಾರದು ಎಂದು ವಿವರಿಸಿದರು. ನೀನು ಭಾನುವಾರ ಭಾನುವಾರ ಬಂದು ಅದನ್ನು ಅವರ ಮುಂದೆ ಓದುತ್ತಿದ್ದೆ. ನೀನು ವಾರಕ್ಕೊಂದು ದಿನ ಕೇಳಿದೆ, ನಾನು ದಿನಾ ಕೇಳಿದೆ. ಸ್ನಾನ ಮಾಡಿಸುವಾಗ, ಗಂಜಿ ಕುಡಿಸುವಾಗ, ಕೈಗೆ ಎಣ್ಣೆ ತಿಕ್ಕುವಾಗ, "ಮೊದಲನೇದು ಯಾವ್ದು ಹೇಳ್ರೀ" ಎಂದು ಕೇಳಿದೆ. ಅವರ ಬಾಯಿಂದ ಬಂದದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದೆ. ಪಟ್ಟಿಯಲ್ಲಿದ್ದರೆ ಸುತ್ತ ಗುಂಡು ಹಾಕುತ್ತಿದ್ದೆ, ಇಲ್ಲದಿದ್ದರೆ ಹೊಡೆದುಹಾಕುತ್ತಿದ್ದೆ. 'ಬುವ್ವ' ಅಂದರು, ಹೊಡೆದುಹಾಕಿದೆ. 'ವಿಂಡೋ' ಅಂದರು, ಗುಂಡು ಹಾಕಿದೆ. ಬಿಸಿಲು ಅವರ ಕಣ್ಣಿಗೆ ಹೊಡೆಯುತ್ತಿತ್ತು ಎಂಬುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಸಂಕ್ರಾಂತಿ ಕಳೆದ ಭಾನುವಾರ ನೆನಪಿದೆಯಾ? ನಾವು ಮೂವರೂ ಬೆಳಗ್ಗೆ ಹತ್ತಕ್ಕೇ ಮಂಚದ ಸುತ್ತ ಕೂತೆವು. ಅವರು ತುಂಬ ಹೊತ್ತು ಒದ್ದಾಡಿ, "ವಾ... ವಾಟರ್" ಅಂದರು. ಯುವರಾಜ್ ಕೊನೆಯ ಹಾಳೆ ತಿರುವಿ, "ಐತೆ! ಐತೆ ಕಣೇ ಉಮಾ!" ಎಂದು ಕೂಗಿದರು. ನೀನು ಅವರ ಕೆನ್ನೆ ಹಿಡಿದುಕೊಂಡು, "ಬಂಗಾರದಂಥ ಅಣ್ಣ, ಮುಂದಿನ್ದು ಹೇಳಣ್ಣಾ" ಅಂದೆ. ಅವರು ಮತ್ತೆ ಅದೇ ಅಂದರು. ಮುಂದಿನದಕ್ಕೆ ಕಾದೆವು. ಮತ್ತೆ ಅದೇ. ಒಂಬತ್ತು ಸಲ ಅಂದರು, ನಾನು ಒಂಬತ್ತು ಸಲವೂ ಬರೆದಿದ್ದೇನೆ. ನೀನು ಬಸ್‌ಸ್ಟಾಂಡಿನ ಬೇಕರಿಗೆ ಹೋಗಿ ಮೈಸೂರು ಪಾಕ್ ತಂದೆ. ನಾವು ತಿಂದೆವು.

ಐದು ಗಂಟೆಯ ಬಸ್ಸಿಗೆ ನೀವು ಹೊರಟಿರಿ. ನಾನು ಅವರ ಬಾಯಿ ಒರೆಸಲು ಹೋದೆ. ತುಟಿ ಸೀಳಿ ರಕ್ತ ಜಿನುಗಿತ್ತು. ನಾಲಿಗೆ ಒಣಗಿದ ತೊಗಲಿನಂತಾಗಿತ್ತು. ಬೆಳಗ್ಗೆ ಗಂಜಿ ಕುಡಿಸಿದ ಮೇಲೆ ನಾವು ಯಾರೂ ಅವರಿಗೆ ಒಂದು ಚಮಚ ನೀರು ಹಾಕಿರಲಿಲ್ಲ ಉಮಾ. ಅವರು ಕೇಳುತ್ತಿದ್ದರು. ಅವರಿಗೆ ಸಿಕ್ಕಿದ ಮಾತಿನಲ್ಲಿ ಬೆಳಗ್ಗೆಯಿಂದ ಕೇಳುತ್ತಲೇ ಇದ್ದರು. ಚಮಚ ಚಮಚವಾಗಿ ಒಂದು ಲೋಟ ನೀರು ಕುಡಿಸಿದೆ. ಕುಡಿಯುತ್ತ ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಆ ಮನುಷ್ಯನ ಹತ್ತಿರ ಬೈಯುವುದಕ್ಕೂ ಮಾತಿರಲಿಲ್ಲ.

ಆವತ್ತೇ ನೋಟುಬುಕ್ಕನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದೆ. ಮುಂದಿನ ಭಾನುವಾರ ನೀನು ಬಂದು ಕೇಳಿದಾಗ, "ಇನ್ಮ್ಯಾಲೆ ಬ್ಯಾಡಮ್ಮ, ಬುಟ್ಬುಡಾನ" ಅಂದೆ. ಕಾರಣ ಹೇಳಲು ನಾಚಿಕೆಯಾಯಿತು. ನಿನಗೂ ಆ ಮೈಸೂರು ಪಾಕು ನೆನಪಾಗಿ ಸಂಕಟವಾಗುತ್ತದೆ ಎಂದೂ ಅನ್ನಿಸಿತ್ತು. ನಿನಗೆ ಅನುಮಾನ ಬಂತು. ಬರದೆ ಇರುತ್ತದೆಯೇ? ಅದಾದ ಎರಡು ವಾರಕ್ಕೆ, ಅಣ್ಣನ ಹಳೆಯ ಫೋಟೋ ಒಂದು ಬೇಕು ಎಂದು ನನ್ನ ಫೋನು ತೆಗೆದುಕೊಂಡವಳಿಗೆ ಆ ಹಾಳೆಯ ಫೋಟೋ ಸಿಕ್ಕಿತು. ಯುವರಾಜ್ ಆ ಹನ್ನೆರಡು ಪದ ಹಾಕಿ ನೋಡಿದರು. ವ್ಯಾಲೆಟ್ ತೆರೆಯಿತು, ಒಳಗೆ ಏನೂ ಇರಲಿಲ್ಲ. "ಅತ್ತಿಗೆ, ನನ್ ಮನೆ ದುಡ್ನ ನುಂಗ್ಬುಟ್ಟು ನನ್ನೇ ಓದ್ಸಕ್ಕೆ ಕೂರಿಸ್ದೆಯಾ? ಕಳ್ಳಿ ಕಣೇ ನೀನು" ಅಂದೆ. ನಿಮ್ಮಣ್ಣ ಎಡಗೈಯಲ್ಲಿ ಮಂಚದ ಪಟ್ಟಿಯನ್ನು ಹೊಡೆಯುತ್ತಿದ್ದರು. ನೀನು ಅದನ್ನು ನೋಡಲಿಲ್ಲ.

ಅದು ಹಳೆಯ ವ್ಯಾಲೆಟ್ಟು ಉಮಾ. ನನ್ನ ಮಾತು ನಂಬಬೇಡ, ಕಾಗದ ನೋಡು. ಇಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಹೇಳಿಕೊಡುವ ಸರ್ವಮಂಗಳಮ್ಮನವರ ಹತ್ತಿರ ಹೋಗಿದ್ದೆ. ಆ ಹಳೆಯ ವ್ಯಾಲೆಟ್ಟಿನಿಂದ 2021ರಲ್ಲಿ ದುಡ್ಡು ಇನ್ನೊಂದಕ್ಕೆ ಹೋದದ್ದು, ಆಮೇಲೆ ಈವತ್ತಿನವರೆಗೂ ಅಲ್ಲಿಂದ ಕದಲದೆ ಇರುವುದು, ಎರಡನ್ನೂ ತೋರಿಸಿದರು. ಯಾರು ಬೇಕಾದರೂ ನೋಡಬಹುದಂತೆ, ತೆಗೆಯಲು ಮಾತ್ರ ಆ ಹನ್ನೆರಡು ಪದ ಬೇಕಂತೆ. ಅದರ ಪ್ರಿಂಟು ಈ ಕವರಿನಲ್ಲಿದೆ. ನಿನ್ನ ದುಡ್ಡು ಅಲ್ಲೇ ಇದೆ, ನನ್ನದೂ ಅಲ್ಲೇ ಇದೆ. ಇನ್ನು ಯಾರಿಗೂ ಸಿಗುವುದಿಲ್ಲ. ತೆಗೆದುಕೊಡುತ್ತೇವೆ ಎಂದು ಫೋನು ಮಾಡುವವರನ್ನು ನಂಬಬೇಡಿ, ಎಲ್ಲ ಮೋಸ ಎಂದೂ ಅವರು ಹೇಳಿದರು.

ಅಂಗಡಿಯನ್ನು ನಿಮ್ಮಣ್ಣನ ಹತ್ತಿರ ಕೆಲಸ ಕಲಿತ ಮುನೆಪ್ಪನಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಈ ತಿಂಗಳಿಂದ ಬಾಡಿಗೆ ನಿನ್ನ ಖಾತೆಗೆ ಬರುತ್ತದೆ. ನಿಮ್ಮ ಮನೆಗೆ ಸೂರು ಬೀಳುವವರೆಗಾದರೂ ತೆಗೆದುಕೋ. ನನ್ನ ಹೊಟ್ಟೆಗೆ ಹೊಲಿಗೆ ಮೆಷಿನ್ನು ಇದೆ. ಇನ್ನೊಂದು ಮಾತು. ಯುವರಾಜ್ ಇಂಥದ್ದು ಏನಾದರೂ ಇಟ್ಟಿದ್ದರೆ ಈವತ್ತೇ ಕೂರಿಸಿಕೊಂಡು ಬರೆಸು. ಕೈಯಲ್ಲೇ ಬರೆಯಿರಿ, ಎರಡು ಪ್ರತಿ ಮಾಡಿ, ಎರಡು ಬೇರೆ ಮನೆಯಲ್ಲಿ ಇಡಿ. ಫೋಟೋ ಮಾತ್ರ ಬೇಡ. ತಲೆಯನ್ನು ನಂಬಬೇಡಿ. ಅದು ಎಷ್ಟು ಗಟ್ಟಿಯಾಗಿದ್ದರೂ ಒಂದು ಕಡ್ಲೆಬೀಜದಷ್ಟು ರಕ್ತಕ್ಕೆ ಸೋಲುತ್ತದೆ.

ನಿಮ್ಮಣ್ಣ ಬಿದ್ದ ಮೇಲೆ ಆಡಿದ ಮಾತು ಇಷ್ಟೇ, ಎಲ್ಲ ಆ ನೋಟುಬುಕ್ಕಿನಲ್ಲಿದೆ. ಅದನ್ನೂ ಕಳಿಸುತ್ತಿದ್ದೇನೆ. ಗುಂಡು ಹಾಕಿದ್ದನ್ನು ಬಿಟ್ಟು ಹೊಡೆದುಹಾಕಿದ್ದನ್ನು ಓದು. ಅಣ್ಣ ಮಾತಾಡಿದ ಹಾಗೆ ಕೇಳುತ್ತದೆ.

ನೀನು ಬಂದರೆ ಬಾಗಿಲು ತೆರೆದಿರುತ್ತದೆ. ಬರದಿದ್ದರೆ ನಿನ್ನದು ತಪ್ಪು ಎನ್ನುವುದಿಲ್ಲ.

ಇಂತಿ,
ನಿನ್ನ ಅತ್ತಿಗೆ
ರಂಗಲಕ್ಷ್ಮಿ

ತಾ.ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಎಲ್ಲವೂ ನೋಟುಬುಕ್ಕಿನಲ್ಲಿದೆ ಎಂದು ಮೇಲೆ ಬರೆದದ್ದು ನಿಜವಲ್ಲ. ನೀನು ಜಗಳ ಆಡಿ ಹೋದ ಮೇಲೆ, ಕೊನೆಯ ನಾಲ್ಕು ದಿನ ಅವರು ಒಂದೇ ಮಾತು ಅಂದರು. "ಉಮಿ." ಬಾಗಿಲ ಕಡೆ ನೋಡಿ ಬೆಳಗ್ಗೆ ಸಂಜೆ ನಿನ್ನನ್ನೇ ಕರೆದರು. ಪೆದ್ದಕ್ಕ ಬಂದು, "ತಂಗಿಗೊಂದ್ ಫೋನ್ ಮಾಡಮ್ಮ" ಅಂದರು. "ಮಾಡ್ದೆ, ಬರಲ್ಲ ಅಂದ್ಲು" ಎಂದು ಸುಳ್ಳು ಹೇಳಿದೆ. ನಿನಗೆ ಫೋನೇ ಮಾಡಿರಲಿಲ್ಲ. ಕಳ್ಳಿ ಅಂದೆಯಲ್ಲ, ಆ ಸಿಟ್ಟಿತ್ತು. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಮೂರು ತಿಂಗಳಲ್ಲಿ ಅವರು ನನ್ನ ಹೆಸರನ್ನು ಒಂದು ಸಲವೂ ಹೇಳಲಿಲ್ಲ ಉಮಾ. ನಾಲ್ಕನೆಯ ದಿನ ಅವರು ಕರೆದಾಗ ನಾನೇ ಹತ್ತಿರ ಹೋಗಿ, ನಿನ್ನ ದನಿ ಮಾಡಿ, "ಬಂದೀನಿ ಕಣಣ್ಣಾ" ಅಂದೆ. ನನ್ನ ಕೈ ಹಿಡಿದುಕೊಂಡರು. ಆಮೇಲೆ ಕರೆಯಲಿಲ್ಲ.