ಮಾರಾಟಕ್ಕಿಲ್ಲದ ಬಾಣಲೆ

ಸ್ಯಾನ್ ಫ್ರಾನ್ಸಿಸ್ಕೊ, ಭಾನುವಾರ

ಅಕ್ಕಾ,

ಇವತ್ತು ಚೈನಾಟೌನಿಗೆ ಹೋಗಿ ಅಗ್ಗದ್ದೊಂದು ಬಾಣಲೆ ಕೊಂಡೆ. ಅಂಗಡಿಯ ತಾಮ್ ಅಜ್ಜಿ ನಮ್ಮ ತೈಶಾನ್ ಕಡೆಯವಳೇ. ತೂಗುಹಾಕಿದ್ದ ಹೊಸ ಬಾಣಲೆಗಳನ್ನೆಲ್ಲ ಬೆರಳಿನಿಂದ ತಟ್ಟಿ ಸದ್ದು ಕೇಳಿದೆ. ಒಂದೂ ಮನಸ್ಸಿಗೆ ಹಿಡಿಸಲಿಲ್ಲ. ಮೂಲೆಯಲ್ಲಿ ಒಂದು ಮಾತ್ರ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಅದನ್ನೇ ಕೊಡಿ ಎಂದೆ.

“ಅಯ್ಯೋ ಹುಡುಗಿ, ಅದ್ರಲ್ಲಿ ನನ್ನ ಮಧ್ಯಾಹ್ನದ ಅಡುಗೆ ಆಗ್ಬೇಕು! ಆ ಕಪ್ಪು ಬರೋಕೆ ಇಪ್ಪತ್ತಾರು ವರ್ಷ ಹಿಡೀತು. ಅಂಥದ್ದನ್ನ ಯಾರಾದ್ರೂ ಮಾರ್ತಾರಾ? ಈ ಹದಿನಾಲ್ಕು ಡಾಲರಿಂದು ತಗೊಂಡ್ಹೋಗು, ನೀನೇ ಪಳಗಿಸ್ಕೋ,” ಎಂದು ಗದರಿದಳು. ಉಜ್ಜಲು ಒಂದು ಕಟ್ಟು ಈರುಳ್ಳಿ ಸೊಪ್ಪನ್ನೂ ಬಿಟ್ಟಿಯಾಗಿ ಕೊಟ್ಟಳು.

ಪಳಗಿಸಲೆಂದು ಕಾದ ಬಾಣಲೆಗೆ ಹಂದಿಯ ಕೊಬ್ಬು, ಸೊಪ್ಪು ಹಾಕಿ ಉಜ್ಜಿ ಉಜ್ಜಿ ಕೈ ಸೋತಿತು. ಮೊಟ್ಟೆ ಇನ್ನೂ ತಳ ಹಿಡಿಯುತ್ತಿದೆ. ಕೆಮ್ಮು ವಾಸಿಯಾಗಿದೆ, ಔಷಧಿ ಕಳಿಸಬೇಡ.

ಅಮ್ಮ ತೀರಿಕೊಂಡ ಮೇಲೆ ನಾನು ಇಲ್ಲಿಗೆ ಹೊರಟಾಗ ಅವಳ ಬಾಣಲೆಯನ್ನು ನೀನು ನನ್ನ ಪೆಟ್ಟಿಗೆಯಲ್ಲಿ ಇಡಲು ಬಂದೆಯಲ್ಲ, ಆಗ “ಈ ಮಸಿ ಯಾರಿಗೆ ಬೇಕು, ಗುಜರಿಗೆ ಹಾಕು” ಎಂದವಳು ನಾನೇ. ಹಾಕಿಬಿಟ್ಟೆಯಾ ಅಕ್ಕಾ? ಹಾಕಿಲ್ಲ ಎಂದು ಬೇಗ ಬರೆ.

ನಿನ್ನ ತಂಗಿ,
ಸಿಯು-ಲಾನ್